ಧರ್ಮದ ದಟ್ಟಿಗೂ ಮೊಳ ಹಾಕಿ

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದನೆಂಬುದು ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಗಾದೆ. ದಾನವಾಗಿ ಬಂದ ಬಟ್ಟೆ ಎಷ್ಟು ಉದ್ದವಿದೆಯೆಂದು ಮರೆಯಲ್ಲಿ ಅಳೆದು ನೋಡುವವನ ಸಣ್ಣತನವನ್ನು ಹಿರಿಯರು ಹೀಗೆ ಹಾಸ್ಯಮಾಡಿದರು. ಅವರ ಕಾಲಕ್ಕೆ ಅದು ಒಪ್ಪುವ ಮಾತೇ ಸರಿ. ಕೊಡುವವನು ಕಣ್ಣಿದಿರಿಗೆ ನಿಂತಿರುತ್ತಿದ್ದ. ಕೊಟ್ಟ ವಸ್ತು ಕೈಯಲ್ಲಿರುತ್ತಿತ್ತು. ಕೊಟ್ಟವನು ಮರುತಿಂಗಳು ಬಾಗಿಲಿಗೆ ಬಂದು ದಟ್ಟಿಯ ಬಾಡಿಗೆ ಕೇಳುವ ಪದ್ಧತಿ ಇರಲಿಲ್ಲ.

ಇಂದಿನ ದಾನಿಗಳ ರೀತಿಯೇ ಬೇರೆ. ಅವರು ನಮ್ಮ ಕೈಯಲ್ಲಿರುವ ಫೋನಿನೊಳಗಿಂದ ಕೂಗಿ ಕರೆಯುತ್ತಾರೆ: ನಿಮ್ಮ ಸಿಬಿಲ್ ಸ್ಕೋರ್ ಎಷ್ಟೆಂದು ಪುಕ್ಕಟೆಯಾಗಿ ತಿಳಿಯಿರಿ, ಎರಡೇ ನಿಮಿಷದ ಕೆಲಸ, ಮೊದಲ ವಾರ ಪೂರ್ಣ ಉಚಿತ! ಕರೆಗೆ ಓಗೊಟ್ಟವರ ಪೈಕಿ ಕೆಲವರಿಗೆ ಅದು ನಿಜವಾಗಿಯೂ ಉಚಿತವಾಗಿಯೇ ದೊರೆಯುತ್ತದೆ. ಮತ್ತೆ ಕೆಲವರ ಖಾತೆಯಿಂದ ಎಂಟನೆಯ ದಿನ ಹಣ ಜಾರತೊಡಗುತ್ತದೆ. ಆ ಮೇಲೆ ಪ್ರತಿ ತಿಂಗಳೂ ಅದೇ ತಾರೀಖಿಗೆ ತಪ್ಪದೆ ಜಾರುತ್ತದೆ. ಈ ಇಬ್ಬರು ದಾನಿಗಳನ್ನು ಬೇರ್ಪಡಿಸಿ ತೋರಿಸುವ ವಾಕ್ಯವು ಸಾಸಿವೆಕಾಳಿನಂಥ ಅಕ್ಷರಗಳಲ್ಲಿ ಅಡಗಿರುವುದರಿಂದ, ದಟ್ಟಿಗೆ ಮೊಳ ಹಾಕುವವನನ್ನು ಕಂಡು ನಗುವುದನ್ನು ಬಿಟ್ಟು, ಅವನನ್ನು ಕರೆದು ಮಣೆ ಹಾಕಬೇಕಾದ ಕಾಲ ಬಂದಿದೆ.

ಈ ವ್ಯಾಪಾರದಲ್ಲಿ ಇನ್ನೂ ಒಂದು ವೈಚಿತ್ರ್ಯವುಂಟು. ದಾನವೆಂದು ಅವರು ಮುಂದೊಡ್ಡುವ ವಸ್ತು ಅವರದಲ್ಲ, ನಮ್ಮದು. ನಿಯಮದ ಪ್ರಕಾರ ಕಾಸಿಲ್ಲದೆ ನಮ್ಮ ಕೈಸೇರಬೇಕಾದದ್ದು. ನಮ್ಮ ಹಿತ್ತಲಿನ ಹಲಸಿನ ಹಣ್ಣನ್ನು ಕೊಯ್ದು ತಂದು, ನಮ್ಮದೇ ಮುಂಬಾಗಿಲಿನಲ್ಲಿ ನಿಂತು ನಮಗೇ ಮಾರುವ ಚಾತುರ್ಯವಿದು. ಅದು ಹೇಗೆಂದು ತಿಳಿಯಬೇಕಾದರೆ ಆ ಹಣ್ಣು ಯಾವುದೆಂಬುದನ್ನು ಮೊದಲು ನೋಡಬೇಕು.

ಪತ್ತು ಎಂಬ ಮಾತು

ಕನ್ನಡದಲ್ಲಿ ಪತ್ತು ಎಂಬ ಒಂದು ಒಳ್ಳೆಯ ಮಾತುಂಟು. ಸಾಲವೆತ್ತುವ ಯೋಗ್ಯತೆ, ಆ ಯೋಗ್ಯತೆಗೆ ಆಧಾರವಾದ ನಂಬಿಕೆ, ಎರಡನ್ನೂ ಅದು ಒಟ್ಟಿಗೆ ಹೊತ್ತಿದೆ. ಹಳ್ಳಿಹಳ್ಳಿಗಳಲ್ಲಿ ‘ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ’ವೆಂಬ ಹಲಗೆಯನ್ನು ನಾವೆಲ್ಲರೂ ಕಂಡಿದ್ದೇವೆ. ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಇಂಥ ಸಂಘವನ್ನು ಕಟ್ಟಿದಾಗ, ಸಾಲ ಕೇಳುವವನ ಪತ್ತನ್ನು ಅಳೆಯುವುದಕ್ಕೆ ಯಾವ ಯಂತ್ರವೂ ಬೇಕಿರಲಿಲ್ಲ. ಕೇಳುವವನು ಊರಿನವನು, ಕೊಡುವವರೂ ಊರಿನವರು. ಅವನ ಹೊಲ, ಅವನ ನಡತೆ, ಹಿಂದಿನ ವರ್ಷ ಅವನು ಸಾಲ ತೀರಿಸಿದ ಬಗೆ, ಎಲ್ಲವೂ ಎಲ್ಲರಿಗೂ ತಿಳಿದಿರುತ್ತಿತ್ತು. ತಪ್ಪು ತಿಳಿದಿದ್ದರೆ ಸಭೆಯಲ್ಲಿ ಎದ್ದುನಿಂತು ‘ಅದು ಹಾಗಲ್ಲ’ ಎಂದು ಹೇಳುವ ಅವಕಾಶವೂ ಇತ್ತು.

ಪಟ್ಟಣ ಬೆಳೆಯಿತು, ಬ್ಯಾಂಕು ಬೆಳೆಯಿತು, ಕೊಡುವವನಿಗೂ ಕೊಳ್ಳುವವನಿಗೂ ಮುಖಪರಿಚಯ ತಪ್ಪಿಹೋಯಿತು. ಆಗ ಪತ್ತನ್ನು ಬರೆದಿಡುವ ಕಚೇರಿಗಳು ಹುಟ್ಟಿಕೊಂಡವು. ನಮ್ಮ ದೇಶದಲ್ಲಿ ಸಿಬಿಲ್ ಸಂಸ್ಥೆ 2000ದಲ್ಲಿ ಸ್ಥಾಪಿತವಾಯಿತು. ಇಂಥ ಸಂಸ್ಥೆಗಳಿಗಾಗಿಯೇ ಸಂಸತ್ತು 2005ರಲ್ಲಿ ಒಂದು ಶಾಸನವನ್ನು ಮಾಡಿತು. ಈಗ ರಿಸರ್ವ್ ಬ್ಯಾಂಕಿನ ಅನುಮತಿ ಪಡೆದ ಇಂಥ ಸಂಸ್ಥೆಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಕ್ರಿಫ್ ಹೈಮಾರ್ಕ್. ಸಾಲ ಕೊಟ್ಟ ಪ್ರತಿಯೊಂದು ಬ್ಯಾಂಕೂ ಯಾರಿಗೆ ಎಷ್ಟು ಕೊಟ್ಟೆ, ಯಾವ ತಿಂಗಳ ಕಂತು ಬಂತು, ಯಾವುದು ತಪ್ಪಿತು ಎಂಬುದನ್ನು ಇವಕ್ಕೆ ಒಪ್ಪಿಸುತ್ತದೆ. ಹಾಗೆ ಕೂಡಿಬಂದ ಚರಿತ್ರೆಯೇ ವರದಿ. ಅದನ್ನು ಹಿಂಡಿ ತೆಗೆದ ಅಂಕಿಯೇ ಸ್ಕೋರ್. ಸಿಬಿಲ್ಲಿನ ಅಂಕಿ 300ರಿಂದ 900ರವರೆಗೆ ಇರುತ್ತದೆ, ಹೆಚ್ಚಿದಷ್ಟೂ ಒಳ್ಳೆಯದು. ಸಂಸ್ಥೆಗಳು ನಾಲ್ಕಿದ್ದರೂ ಜನರ ಬಾಯಲ್ಲಿ ಎಲ್ಲವೂ ‘ಸಿಬಿಲ್’ ಆಗಿಬಿಟ್ಟಿದೆ.

ಇದನ್ನು ಸಾಲದ ಜಾತಕವೆಂದರೆ ತಪ್ಪಾಗಲಾರದು. ಈಗೀಗ ಅದು ನಿಜವಾದ ಜಾತಕದ ಪಕ್ಕದಲ್ಲೇ ಬಂದು ಕುಳಿತಿದೆ. ಮಹಾರಾಷ್ಟ್ರದ ಮೂರ್ತಿಜಾಪುರದಲ್ಲಿ ವರನ ಸಿಬಿಲ್ ಸ್ಕೋರ್ ಚೆನ್ನಾಗಿಲ್ಲವೆಂದು ಹೆಣ್ಣಿನ ಕಡೆಯವರು ಸಂಬಂಧವನ್ನೇ ಮುರಿದರೆಂದು 2025ರ ಫೆಬ್ರವರಿಯಲ್ಲಿ ಪತ್ರಿಕೆಗಳು ಬರೆದವು. ಮಂಗಳ ದೋಷಕ್ಕಾದರೂ ಶಾಂತಿ ಮಾಡಿಸುವ ಪುರೋಹಿತರಿದ್ದಾರೆ. ಈ ದೋಷಕ್ಕೆ ಅದೂ ಇಲ್ಲ!

ಆದರೆ ಇದರಲ್ಲಿ ತಪ್ಪುಗಳಿಗೆ ಎಡೆಯುಂಟು. ತೀರಿಸಿದ ಸಾಲ ತೀರದೆ ಉಳಿದಂತೆ ಕಾಣಿಸಬಹುದು. ಒಂದೇ ಹೆಸರಿನ ಇನ್ನೊಬ್ಬರ ಸಾಲ ನಮ್ಮ ಲೆಕ್ಕಕ್ಕೆ ಬಂದು ಸೇರಬಹುದು. ಅಜ್ಜನ ಹೆಸರನ್ನು ಮೊಮ್ಮಕ್ಕಳಿಗೆ ಇಡುವ ನಮ್ಮ ಮನೆತನಗಳಲ್ಲಿ ಇದು ಅಸಂಭವವಲ್ಲ. ಸ್ನೇಹಿತನಿಗೆ ಜಾಮೀನು ಹಾಕಿ ಮರೆತಿದ್ದರೆ, ಅವನು ಮಾಡಿದ ಬಾಕಿಯ ನೆರಳು ನಮ್ಮ ವರದಿಯ ಮೇಲೂ ಬೀಳುತ್ತದೆ. ಆದುದರಿಂದ ತನ್ನ ವರದಿಯನ್ನು ತಾನು ಆಗಾಗ ಓದಿನೋಡುವುದು ಪ್ರತಿಯೊಬ್ಬ ಗೃಹಸ್ಥನಿಗೂ ಅವಶ್ಯಕ. ಈ ಅವಶ್ಯಕತೆಯನ್ನು ಬಲ್ಲವರೇ ಬಲೆ ಬೀಸುವುದು.

ಮಾಕುಟ್ಟದ ಜೀಪು

ಕೊಡಗಿನ ಮಾಕುಟ್ಟವನ್ನು ದೃಷ್ಟಾಂತಕ್ಕೆ ತೆಗೆದುಕೊಳ್ಳೋಣ. ವಿರಾಜಪೇಟೆಯಿಂದ ಹೊರಟು, ಪೆರುಂಬಾಡಿಯನ್ನು ದಾಟಿ, ದಟ್ಟವಾದ ಕಾಡಿನ ನಡುವೆ ಘಟ್ಟವನ್ನು ಇಳಿಯುತ್ತ ಹೋದರೆ ಈ ಊರು ಸಿಗುತ್ತದೆ. ಮುಂದೆ ಕೂಟುಪುಳ, ಅಲ್ಲಿಂದಾಚೆ ಕೇರಳದ ಕಣ್ಣೂರು ಜಿಲ್ಲೆ. ಗಡಿಯ ಊರಾದ್ದರಿಂದ ಇಲ್ಲಿಯ ಚೆಕ್‌ಪೋಸ್ಟು ದಾರಿಹೋಕರಿಗೆಲ್ಲ ಪರಿಚಿತ. 2021ರಲ್ಲಿ ಕೋವಿಡ್ ಹಬ್ಬಿದ್ದಾಗ, ಕೇರಳದಿಂದ ಬರುವವರು ಸೋಂಕಿಲ್ಲವೆಂಬ ಪರೀಕ್ಷಾಪತ್ರವನ್ನು ತೋರಿಸದೆ ಇದನ್ನು ದಾಟುವಂತಿರಲಿಲ್ಲ. ಗೇಟಿನಲ್ಲಿ ಒಂದು ಚೀಟಿಗಾಗಿ ನಿಲ್ಲುವುದೆಂದರೇನೆಂಬುದನ್ನು ಮಾಕುಟ್ಟದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಾಲದ ವರದಿಯೂ ಅಂಥದೇ ಒಂದು ಚೀಟಿ. ಬ್ಯಾಂಕಿನ ಗೇಟಿನಲ್ಲಿ ತೋರಿಸುವ ಚೀಟಿ.

ಈ ದಾರಿಯಲ್ಲಿ ಬಾಡಿಗೆ ಜೀಪು ಓಡಿಸುವ ಒಬ್ಬ ಗೃಹಸ್ಥನನ್ನು ಕಲ್ಪಿಸಿಕೊಳ್ಳಿ. ಗೃಹಸ್ಥನು ಕಲ್ಪಿತನೇ ಹೊರತು ಅವನಿಗೆ ಒದಗುವ ಪಾಡು ಕಲ್ಪಿತವಲ್ಲ. ಜೀಪು ಹಳೆಯದಾಗಿದೆ, ಮಳೆಗಾಲದ ಘಟ್ಟವನ್ನು ಇನ್ನೊಂದು ವರ್ಷ ತಡೆಯಲಾರದು. ಹೊಸ ಗಾಡಿಗೆ ಸಾಲ ಕೇಳಲು ವಿರಾಜಪೇಟೆಗೆ ಹೋದಾಗ ಬ್ಯಾಂಕಿನವರು, ‘ನಿಮ್ಮ ಸಿಬಿಲ್ ಒಮ್ಮೆ ನೋಡಿಕೊಂಡು ಬನ್ನಿ’ ಎನ್ನುತ್ತಾರೆ. ಮನೆಗೆ ಬಂದವನು ರಾತ್ರಿ ಊಟವಾದ ಮೇಲೆ ಫೋನಿನಲ್ಲಿ ‘ಸಿಬಿಲ್ ಸ್ಕೋರ್ ಪುಕ್ಕಟೆ’ ಎಂದು ಹುಡುಕುತ್ತಾನೆ. ಉತ್ತರಗಳ ಸಾಲಿನಲ್ಲಿ ಮೇಲುಗಡೆ ನಿಂತಿರುವವು ಬಹುಮಟ್ಟಿಗೆ ಜಾಹೀರಾತುಗಳು. ಅವನು ಮೊದಲನೆಯದನ್ನು ಒತ್ತುತ್ತಾನೆ.

ಹೆಸರು ಕೇಳಿತು, ಕೊಟ್ಟ. ಪ್ಯಾನ್ ಸಂಖ್ಯೆ ಕೇಳಿತು, ಕೊಟ್ಟ. ಫೋನಿಗೆ ಬಂದ ಒಟಿಪಿ ಕೇಳಿತು, ಅದನ್ನೂ ಕೊಟ್ಟ. ಪರದೆಯ ಮೇಲೆ ಚಕ್ರ ತಿರುಗಿತು. ‘ನಿಮ್ಮ ವರದಿ ಸಿದ್ಧವಾಗಿದೆ’ ಎಂಬ ಶುಭವಾರ್ತೆ ಬಂತು. ಇಷ್ಟು ದೂರ ನಡೆದು ಬಂದವನಿಗೆ ಈಗ ಕೊನೆಯ ಮೆಟ್ಟಿಲು: ಪೂರ್ಣ ವರದಿಗಾಗಿ ಒಂದು ರೂಪಾಯಿ ಮಾತ್ರ, ಖಾತೆ ನಿಮ್ಮದೇ ಎಂದು ಖಚಿತಪಡಿಸಿಕೊಳ್ಳಲು. ಒಂದು ರೂಪಾಯಿಗೆ ಯಾರು ಹಿಂದೆಮುಂದೆ ನೋಡುತ್ತಾರೆ? ಪಿನ್ ಒತ್ತಿದ. ವರದಿ ಬಂತು. ಅಂಕಿ ಚೆನ್ನಾಗಿಯೇ ಇತ್ತು. ಸಂತೋಷದಿಂದ ಮಲಗಿದ.

ಆ ಗುಂಡಿಯ ಕೆಳಗೆ ಬೂದುಬಣ್ಣದ ಸಣ್ಣ ಅಕ್ಷರದಲ್ಲಿ ಇನ್ನೊಂದು ವಾಕ್ಯವಿತ್ತು: ಏಳು ದಿನಗಳ ಬಳಿಕ, ರದ್ದುಪಡಿಸದಿದ್ದಲ್ಲಿ, ತಿಂಗಳಿಗೆ 299 ರೂಪಾಯಿ. ಅಂಕಿಯನ್ನು ನಾನು ಲೆಕ್ಕದ ಅನುಕೂಲಕ್ಕಾಗಿ ಹಾಕಿದ್ದೇನೆ. ವಾಕ್ಯದ ಸ್ವರೂಪ ಮಾತ್ರ ಇಂಥದೇ. ಜೂನ್ ತಿಂಗಳಿಂದ ಹುತ್ತರಿಯವರೆಗೆ ಆರು ಸಲ ಹಣ ಹೋದರೆ 1,794 ರೂಪಾಯಿ. ಹಬ್ಬಕ್ಕೆಂದು ಊರಿಗೆ ಬಂದ ಮಗಳು ಪಾಸ್‌ಪುಸ್ತಕವನ್ನು ತಿರುವುತ್ತ ಕೇಳುತ್ತಾಳೆ:

‘ಅಪ್ಪ, ತಿಂಗಳು ತಿಂಗಳೂ ಇದು ಯಾರಿಗೆ ಕೊಟ್ಟ ಹಣ?’

‘ನಾನು ಕೊಟ್ಟದ್ದು ಒಂದೇ ರೂಪಾಯಿ, ಮಗಳೇ.’

‘ಒಂದು ರೂಪಾಯಿಯ ಜೊತೆಗೆ ಒಪ್ಪಿಗೆಯನ್ನೂ ಕೊಟ್ಟಿದ್ದೀರಿ, ಅಪ್ಪ.’

ನಷ್ಟ ಇಷ್ಟಕ್ಕೇ ನಿಂತರೆ ಪುಣ್ಯ. ಬಾಡಿಗೆ ಕಡಮೆಯಾದ ಮಳೆಗಾಲದಲ್ಲಿ ಇಂಥವರ ಖಾತೆಯಲ್ಲಿ ಉಳಿಯುವುದು ಕಂತಿಗೆ ಬೇಕಾದಷ್ಟೇ ಹಣ. ಕಂತಿನ ಹಿಂದಿನ ದಿನ 299 ರೂಪಾಯಿ ಸದ್ದಿಲ್ಲದೆ ಹೋಗಿದ್ದರೆ, ಮರುದಿನ ಬ್ಯಾಂಕು ಕಂತನ್ನು ಎಳೆಯಹೋದಾಗ ಹಣ ಸಾಲದು. ಕಂತು ತಿರಸ್ಕೃತವಾಗುತ್ತದೆ, ಅದಕ್ಕೊಂದು ಶುಲ್ಕ ಬೀಳುತ್ತದೆ, ಬೇಗ ಕಟ್ಟದಿದ್ದರೆ ಆ ವಿಳಂಬ ವರದಿಗೂ ಏರಬಹುದು. ಸ್ಕೋರ್ ನೋಡಲು ಹೋಗಿ ಸ್ಕೋರನ್ನೇ ಕೆಡಿಸಿಕೊಂಡಂತಾಯಿತು. ಕನ್ನಡಿ ಕೊಳ್ಳಲು ಹೋಗಿ ಮುಖಕ್ಕೆ ಮಸಿ ಬಳಿದುಕೊಂಡು ಬಂದ ಹಾಗೆ.

ಒಂದು ರೂಪಾಯಿಯ ಒಳಗುಟ್ಟು

ಪಿನ್ ಒತ್ತದೆ ನಮ್ಮ ಹಣ ಹೋಗುವುದು ಹೇಗೆ ಎಂದು ಹಲವರು ಕೇಳುತ್ತಾರೆ. ಉತ್ತರ ಆ ಒಂದು ರೂಪಾಯಿಯಲ್ಲೇ ಇದೆ. ಅಂಗಡಿಯಲ್ಲಿ ಕಡಲೆಕಾಯಿಗೆ ಕೊಡುವ ಒಂದು ರೂಪಾಯಿ ಬೇರೆ, ಇದು ಬೇರೆ. ಇದನ್ನು ಕೊಡುವಾಗ ನಾವು ‘ಇನ್ನು ಮುಂದೆ ಕಾಲಕಾಲಕ್ಕೆ ನೀವೇ ತೆಗೆದುಕೊಳ್ಳಿ’ ಎಂಬ ಅಪ್ಪಣೆಗೂ ಸಹಿ ಹಾಕಿರುತ್ತೇವೆ. ಇದಕ್ಕೆ ಆಟೋಪೇ ಎಂದು ಹೆಸರು. ಯುಪಿಐಯಲ್ಲಿ ಈ ಏರ್ಪಾಡು 2020ರಲ್ಲಿ ಬಂತು. ವಿದ್ಯುತ್ ಬಿಲ್ಲು, ವಿಮೆಯ ಕಂತು ಮೊದಲಾದವುಗಳಿಗೆ ಇದು ಬಹಳ ಉಪಕಾರಿಯಾದ ವ್ಯವಸ್ಥೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಅಪ್ಪಣೆಯನ್ನು ನೋಂದಾಯಿಸುವ ಮೊದಲ ಸಲ ಪಿನ್ ಅಥವಾ ಒಟಿಪಿ ಬೇಕೇ ಬೇಕು. ಬಳಿಕ ಸಾಮಾನ್ಯವಾಗಿ 15,000 ರೂಪಾಯಿಯವರೆಗಿನ ಪಾವತಿಗೆ ಮತ್ತೆ ಕೇಳಬೇಕಾಗಿಲ್ಲ. ಬಾಗಿಲಿನ ಬೀಗದ ಕೈಯನ್ನು ಒಮ್ಮೆ ಕೊಟ್ಟಮೇಲೆ ಬಂದವನು ಪ್ರತಿಸಲ ಬಾಗಿಲು ತಟ್ಟಬೇಕಾಗಿಲ್ಲವಷ್ಟೆ.

ಹಾಗೆಂದು ನಿಯಮವು ನಮ್ಮನ್ನು ಕೈಬಿಟ್ಟಿಲ್ಲ. 2019ರಲ್ಲಿ ಹೊರಟು 2021ರ ಅಕ್ಟೋಬರ್ 1ರಿಂದ ಪೂರ್ಣವಾಗಿ ಜಾರಿಗೆ ಬಂದ ಈ ಕಟ್ಟಳೆಗಳ ಪ್ರಕಾರ, ಹಣ ತೆಗೆಯುವುದಕ್ಕೆ ಕನಿಷ್ಠ 24 ಗಂಟೆ ಮುಂಚೆ ಖಾತೆದಾರನಿಗೆ ತಿಳುವಳಿಕೆ ಹೋಗಬೇಕು. ಕೊಟ್ಟ ಅಪ್ಪಣೆಯನ್ನು ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳುವ ಅವಕಾಶವಿರಬೇಕು. ಆದರೆ ಆ ತಿಳುವಳಿಕೆಯ ಗತಿಯೇನು? ರಿಯಾಯಿತಿ, ಲಾಟರಿ, ಸಾಲದ ಆಹ್ವಾನ ಎಂಬ ನೂರು ಸಂದೇಶಗಳ ಸಂತೆಯಲ್ಲಿ ಅದೂ ಒಂದಾಗಿ ಬಿದ್ದಿರುತ್ತದೆ. ಫೋನಿನ ಸಂಪರ್ಕ ಬಂದುಹೋಗುವ ಕಾಡಿನ ದಾರಿಯಲ್ಲಿ ದಿನವೆಲ್ಲ ಚಕ್ರ ಹಿಡಿದವನು, ರಾತ್ರಿ ಮನೆಗೆ ಬಂದು ಅದನ್ನು ಆರಿಸಿ ಓದುವನೆಂದು ನಂಬುವುದು ಕಷ್ಟ.

ಇಲ್ಲಿ ಚಂದಾ ಎಂಬ ಮಾತನ್ನೂ ಸ್ವಲ್ಪ ವಿಚಾರಿಸಬೇಕು. ವಾರಪತ್ರಿಕೆಯ ಚಂದಾ ಯಾವ ಓದುಗನಿಗೆ ತಿಳಿಯದು? ವರ್ಷದ ಹಣ ಕಟ್ಟುತ್ತೇವೆ. ವರ್ಷ ಮುಗಿದಾಗ ‘ನಿಮ್ಮ ಚಂದಾ ಅವಧಿ ಮುಗಿಯಿತು’ ಎಂದು ಕಚೇರಿಯಿಂದ ಕಾಗದ ಬರುತ್ತದೆ. ಮತ್ತೆ ಕಟ್ಟದಿದ್ದರೆ ಪತ್ರಿಕೆ ನಿಲ್ಲುತ್ತದೆ. ಧಾರಾವಾಹಿಯ ನಾಯಕಿಯ ಗತಿ ಏನಾಯಿತೆಂಬ ಚಿಂತೆ ಬಲವಾಗಿದ್ದರೆ ನಾವಾಗಿಯೇ ಹಣ ಕಳಿಸುತ್ತೇವೆ. ಅಲ್ಲಿ ಮೌನಕ್ಕೆ ‘ಬೇಡ’ವೆಂದು ಅರ್ಥ. ಈ ಹೊಸ ಚಂದಾದಲ್ಲಿ ಮೌನಕ್ಕೆ ‘ಬೇಕು’ ಎಂದು ಅರ್ಥ. ಮನುಷ್ಯನ ಮರೆವನ್ನೇ ಮೂಲಧನ ಮಾಡಿಕೊಂಡ ವ್ಯಾಪಾರವಿದು. ಎಷ್ಟು ಜನ ಮರೆಯುತ್ತಾರೋ ಅಷ್ಟು ಲಾಭ.

ಹಣ ಪಡೆದು ವರದಿಯ ಮೇಲೆ ಕಣ್ಣಿಟ್ಟು ಕಾಯುವ ಸೇವೆಗಳೆಲ್ಲವೂ ಮೋಸವೆಂದು ಹೇಳುತ್ತಿಲ್ಲ. ಬೆಲೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು, ಬೇಕಾದವರು ತಿಳಿದು ಕೊಂಡರೆ ಅದು ನ್ಯಾಯವಾದ ವ್ಯಾಪಾರ. ಚಂದಾ ತೆಗೆದುಕೊಳ್ಳದೆ ಸ್ಕೋರ್ ತೋರಿಸುವವರೂ ಇದ್ದಾರೆ. ಆದರೆ ಅವರಲ್ಲಿ ಅನೇಕರು ನಮ್ಮ ವಿವರವನ್ನು ಹಿಡಿದು ನಮಗೇ ಸಾಲ ಮಾರಲು ಬರುತ್ತಾರೆ. ಅದೂ ಒಂದು ಬೆಲೆಯೇ ಎಂಬುದು ನೆನಪಿರಲಿ.

ಅಮೆರಿಕದಲ್ಲಿ ನಡೆದದ್ದು

ಈ ವಿದ್ಯೆ ಹೊಸದಲ್ಲ. ಇದರ ಪೂರ್ವಕಥೆ ಅಮೆರಿಕದಲ್ಲಿದೆ. ಅಲ್ಲಿಯ ಕಾಂಗ್ರೆಸ್ 2003ರಲ್ಲಿ ಒಂದು ಕಾನೂನು ಮಾಡಿ, ಪ್ರತಿಯೊಬ್ಬ ಪ್ರಜೆಗೂ ವರ್ಷಕ್ಕೊಮ್ಮೆ ಸಾಲದ ವರದಿ ಉಚಿತವಾಗಿ ದೊರೆಯಬೇಕೆಂದು ವಿಧಿಸಿತು. ಅದಕ್ಕಾಗಿ ಒಂದು ಅಧಿಕೃತ ಜಾಲತಾಣವೂ ತೆರೆಯಿತು. ಅದರ ಹೆಸರಿನಲ್ಲಿ ‘ವಾರ್ಷಿಕ’ವೆಂಬ ಮಾತಿತ್ತೇ ಹೊರತು ‘ಉಚಿತ’ವೆಂಬ ಮಾತಿರಲಿಲ್ಲ. ‘ಉಚಿತ’ವೆಂಬ ಮಾತನ್ನು ಹೆಸರಿನಲ್ಲೇ ಧರಿಸಿಕೊಂಡ ಇನ್ನೊಂದು ತಾಣ ಆಗಲೇ ಇತ್ತು: ಫ್ರೀಕ್ರೆಡಿಟ್‌ರಿಪೋರ್ಟ್ ಡಾಟ್ ಕಾಮ್. ಅದು ಎಕ್ಸ್‌ಪೀರಿಯನ್ ಬಳಗದ ಒಂದು ಕಂಪನಿಗೆ ಸೇರಿತ್ತು. ಅಲ್ಲಿ ಉಚಿತ ವರದಿ ಪಡೆದವರು 30 ದಿನಗಳೊಳಗೆ ಬೇಡವೆನ್ನದಿದ್ದರೆ ವರ್ಷಕ್ಕೆ 79 ಡಾಲರ್ 95 ಸೆಂಟ್ ಕಳೆದುಕೊಳ್ಳುತ್ತಿದ್ದರು. ಫೆಡರಲ್ ಟ್ರೇಡ್ ಕಮಿಷನ್ ಆರೋಪ ಹೊರಿಸಿತು. 2005ರಲ್ಲಿ ಆ ಕಂಪನಿ 9,50,000 ಡಾಲರ್ ತೆತ್ತು ರಾಜಿಯಾಯಿತು. ರಾಜಿಯ ಕರಾರನ್ನು ಪಾಲಿಸಲಿಲ್ಲವೆಂಬ ಆರೋಪದ ಮೇಲೆ 2007ರಲ್ಲಿ ಮತ್ತೆ 3,00,000 ಡಾಲರ್ ತೆರಬೇಕಾಯಿತು.

ವ್ಯಾಪಾರ ಅಲ್ಲಿಗೆ ನಿಂತಿತೇ? ಇಲ್ಲ. ತರುಣರ ವಾದ್ಯಮೇಳವೊಂದು ಸಾಲದ ಗೋಳನ್ನು ತಮಾಷೆಯಾಗಿ ಹಾಡುವ ಜಾಹೀರಾತುಗಳು ಮನೆಮನೆಯ ಟೆಲಿವಿಷನ್ನಿನಲ್ಲಿ ಮೊಳಗಿದವು. ಮಕ್ಕಳ ಬಾಯಲ್ಲೂ ಅದೇ ಹಾಡು. ಕೊನೆಗೆ 2009ರಲ್ಲಿ ಸರ್ಕಾರದ ಕಮಿಷನ್ನೇ ಆ ಹಾಡುಗಳನ್ನು ಅಣಕಿಸುವ ಚಿತ್ರಗಳನ್ನು ತಯಾರಿಸಿ, ನಿಜವಾದ ಉಚಿತ ತಾಣ ಯಾವುದೆಂದು ಜನರಿಗೆ ಹಾಡಿ ತೋರಿಸಬೇಕಾಯಿತು! ‘ಉಚಿತ’ವೆಂದು ಜಾಹೀರು ಮಾಡುವವರು ಅಧಿಕೃತ ತಾಣದ ಹೆಸರನ್ನು ಎದ್ದುಕಾಣುವಂತೆ ಹಾಕಬೇಕೆಂಬ ನಿಯಮ 2010ರಲ್ಲಿ ಬಂತು. ಆಗ ಆ ತಾಣವು ವರದಿಗೆ ಒಂದು ಡಾಲರ್ ಬೆಲೆಯಿಟ್ಟು, ಆ ಡಾಲರನ್ನು ಧರ್ಮಕಾರ್ಯಕ್ಕೆ ಕೊಡುವುದಾಗಿ ಸಾರಿತು. ಉಚಿತವಲ್ಲವೆಂದಮೇಲೆ ಉಚಿತಕ್ಕೆ ಮಾಡಿದ ನಿಯಮ ಅನ್ವಯಿಸದಷ್ಟೆ! ನಮ್ಮ ಒಂದು ರೂಪಾಯಿಗೆ ಈ ಒಂದು ಡಾಲರು ಅಣ್ಣನೇ ಸರಿ.

2017ರ ಜನವರಿಯಲ್ಲಿ ಅಲ್ಲಿಯ ಬಳಕೆದಾರರ ಹಣಕಾಸು ಸಂರಕ್ಷಣಾ ಕಚೇರಿಯು ಟ್ರಾನ್ಸ್‌ಯೂನಿಯನ್ ಮತ್ತು ಈಕ್ವಿಫ್ಯಾಕ್ಸ್ ಸಂಸ್ಥೆಗಳ ಮೇಲೆ ಇಂಥದೇ ಕ್ರಮ ಕೈಗೊಂಡಿತು. ಉಚಿತವೆಂದೋ ಒಂದೇ ಡಾಲರೆಂದೋ ಕರೆದು, ಪ್ರಯೋಗದ ಅವಧಿ ಮುಗಿದಮೇಲೆ ತಿಂಗಳಿಗೆ 16 ಡಾಲರಿಗೂ ಮೇಲ್ಪಟ್ಟ ಚಂದಾಕ್ಕೆ ಗ್ರಾಹಕರನ್ನು ಸೇರಿಸುತ್ತಿದ್ದರೆಂಬುದು ಅದು ಕಂಡುಹಿಡಿದ ದೋಷಗಳಲ್ಲಿ ಒಂದು. ಗ್ರಾಹಕರಿಗೆ ಹಿಂತಿರುಗಿಸಲು 1 ಕೋಟಿ 76 ಲಕ್ಷ ಡಾಲರ್, ದಂಡವಾಗಿ 55 ಲಕ್ಷ ಡಾಲರ್ ಎಂದು ಆಜ್ಞೆಯಾಯಿತು. ಈ ಸಂಗತಿಗಳು ಅಮೆರಿಕದವು. ಅವೇ ಹೆಸರಿನ ಇಲ್ಲಿಯ ಕಂಪನಿಗಳ ಮೇಲೆ ಇವನ್ನು ಹೊರಿಸುವುದು ನ್ಯಾಯವಲ್ಲ. ಆದರೂ ನಾವು ಕಲಿಯಬೇಕಾದ ಪಾಠವೊಂದಿದೆ. ಕಾನೂನು ಒಂದು ವಸ್ತುವನ್ನು ಉಚಿತವೆಂದು ಸಾರಿದ ಮಾತ್ರಕ್ಕೆ ಅದು ಜನರಿಗೆ ಉಚಿತವಾಗಿ ಸಿಗುವುದಿಲ್ಲ. ಉಚಿತವೆಂಬ ಸಂಗತಿಯೂ, ಸಿಗುವ ಜಾಗವೂ ಜನರಿಗೆ ತಿಳಿದಿರಬೇಕು.

ನಮ್ಮ ಕೈಯಲ್ಲಿರುವ ಹಕ್ಕು

ನಮ್ಮಲ್ಲಿ ಆ ಹಕ್ಕು ಬಂದು ಬಹಳ ಕಾಲವಾಯಿತು. ರಿಸರ್ವ್ ಬ್ಯಾಂಕು 2016ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಸುತ್ತೋಲೆಯಂತೆ, 2017ರ ಜನವರಿ 1ರಿಂದ ಪ್ರತಿಯೊಂದು ಸಂಸ್ಥೆಯೂ ವರ್ಷಕ್ಕೆ ಒಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು; ಸ್ಕೋರೂ ಅದರಲ್ಲಿರಬೇಕು. ಸಂಸ್ಥೆಗಳು ನಾಲ್ಕಿರುವುದರಿಂದ ವರ್ಷಕ್ಕೆ ನಾಲ್ಕು ವರದಿ. ಮೂರು ತಿಂಗಳಿಗೊಂದರಂತೆ ಸರದಿಯಲ್ಲಿ ತರಿಸಿ ನೋಡಿದರೆ, ವರ್ಷವಿಡೀ ಒಂದು ಕಾಸೂ ಕೊಡದೆ ತನ್ನ ಜಾತಕವನ್ನು ತಾನೇ ಕಾಯ್ದುಕೊಳ್ಳಬಹುದು. ಉಚಿತ ವರದಿಯ ದಾರಿಯನ್ನು ತಮ್ಮ ಜಾಲತಾಣದಲ್ಲಿ ಎದ್ದುಕಾಣುವಂತೆ ಇಡಬೇಕೆಂದು 2023ರ ಅಕ್ಟೋಬರಿನಲ್ಲಿ ರಿಸರ್ವ್ ಬ್ಯಾಂಕು ಮತ್ತೆ ಆಜ್ಞಾಪಿಸಿತು. ಬ್ಯಾಂಕು ನಮ್ಮ ಅರ್ಜಿಯ ಸಂಬಂಧದಲ್ಲಿ ತರಿಸಿಕೊಂಡ ವರದಿಯ ಪ್ರತಿಯನ್ನು ಕೇಳಿ ಪಡೆಯುವ ಹಕ್ಕನ್ನೂ 2005ರ ಶಾಸನವೇ ಕೊಟ್ಟಿದೆ. ಜೀಪಿನ ಗೃಹಸ್ಥನು ಬ್ಯಾಂಕಿನಲ್ಲೇ ಆ ಮಾತು ಕೇಳಬಹುದಿತ್ತು.

ವರದಿಯಲ್ಲಿ ತಪ್ಪಿದ್ದರೆ ತಿದ್ದಿಸಲು ಯಾವ ದಲ್ಲಾಳಿಯೂ ಬೇಕಾಗಿಲ್ಲ. ‘ಸ್ಕೋರ್ ಏರಿಸಿಕೊಡುತ್ತೇವೆ’ ಎಂದು ಹಣ ಕೇಳುವವರ ಕೈಯಲ್ಲಿ ಯಾವ ಮಂತ್ರದಂಡವೂ ಇಲ್ಲ. ತಿದ್ದುವ ಅಧಿಕಾರವಿರುವುದು ಸಾಲ ಕೊಟ್ಟ ಬ್ಯಾಂಕಿಗೆ ಮತ್ತು ವರದಿ ಇಡುವ ಸಂಸ್ಥೆಗೆ. ಅವರಿಗೆ ನಾವೇ ಬರೆದರೆ ಸಾಕು. 30 ದಿನಗಳೊಳಗೆ ದೂರು ತೀರದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್ 26ರಿಂದ ಜಾರಿಗೆ ಬಂದಿದೆ. ಆಗಲೂ ನ್ಯಾಯ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. ಅವರಲ್ಲಿ ದೂರಿಗೆ ಶುಲ್ಕವಿಲ್ಲ.

ಇನ್ನು ಚಂದಾದ ಬಲೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ, ಪರದೆಯ ಮೇಲೆ ಗ್ರಾಹಕನ ದಾರಿ ತಪ್ಪಿಸುವ 13 ಬಗೆಯ ತಂತ್ರಗಳನ್ನು ಹೆಸರಿಸಿ ನಿಷೇಧಿಸಿದೆ. ಅವುಗಳಲ್ಲಿ ಚಂದಾ ಬಲೆಯೂ ಒಂದು. ರದ್ದುಮಾಡುವ ದಾರಿಯನ್ನು ಮರೆಮಾಡುವುದು, ಅದನ್ನು ಸುತ್ತುಬಳಸಾಗಿ ಮಾಡುವುದು ಇವಲ್ಲದೆ, ಉಚಿತ ಚಂದಾಕ್ಕಾಗಿ ಹಣಪಾವತಿಯ ವಿವರವನ್ನೋ ಆಟೋಪೇ ಒಪ್ಪಿಗೆಯನ್ನೋ ಬಲವಂತವಾಗಿ ಕೇಳುವುದೂ ಅದರಲ್ಲಿ ಸೇರಿದೆ. ಜೀಪಿನ ಗೃಹಸ್ಥನಿಗಾದದ್ದನ್ನು ನೋಡಿಯೇ ಬರೆದಂತಿದೆ ಆ ವಾಕ್ಯ.

ದಾವೆಗಾಗಿ ದೂರದ ಮುಂಬಯಿಗೋ ದೆಹಲಿಗೋ ಅಲೆಯಬೇಕೆಂಬ ಅಂಜಿಕೆಯೂ ಬೇಡ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಗ್ರಾಹಕನು ತಾನು ವಾಸವಾಗಿರುವ ಜಿಲ್ಲೆಯಲ್ಲೇ ದೂರು ಹೂಡಬಹುದು. ಕಂಪನಿ ಎಲ್ಲಿಯದೇ ಇರಲಿ, ಮಾಕುಟ್ಟದವನಿಗೆ ಮಡಿಕೇರಿಯ ಜಿಲ್ಲಾ ಆಯೋಗವೇ ಸಾಕು. ಕೊಟ್ಟ ಹಣ ಐದು ಲಕ್ಷ ರೂಪಾಯಿಯವರೆಗಿದ್ದರೆ ದೂರಿಗೆ ಶುಲ್ಕವೂ ಇಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕೆಂಬುದನ್ನು ಮಾತ್ರ ಮರೆಯಬಾರದು.

ಮನೆಯವರಿಗೆ ನಾಲ್ಕು ಮಾತು

ಮೊದಲನೆಯದಾಗಿ, ವರದಿ ಬೇಕಾದಾಗ ಹುಡುಕಾಟದಲ್ಲಿ ಮೇಲೆ ಬಂದದ್ದನ್ನು ಒತ್ತದೆ, ಆ ನಾಲ್ಕು ಸಂಸ್ಥೆಗಳ ಸ್ವಂತ ತಾಣಕ್ಕೇ ಹೋಗಿ ‘ವರ್ಷದ ಉಚಿತ ವರದಿ’ ಎಂಬುದನ್ನು ಆರಿಸಿಕೊಳ್ಳಿ. ಅಲ್ಲಿಯೂ ಹಣದ ಯೋಜನೆಗಳು ಪಕ್ಕದಲ್ಲೇ ಇರುತ್ತವೆ, ಕಣ್ಣು ತಪ್ಪದಿರಲಿ. ಉಚಿತ ವರದಿಗೆ ಗುರುತಿನ ವಿವರ ಬೇಕು. ಹಣ ಕೊಡುವ ಪಿನ್ ಬೇಕಾಗಿಲ್ಲ. ಪಿನ್ ಕೇಳಿದ ಕ್ಷಣ ಕೈ ಹಿಂದಕ್ಕೆ ಬರಲಿ. ತನ್ನ ವರದಿಯನ್ನು ತಾನೇ ನೋಡಿಕೊಂಡರೆ ಸ್ಕೋರ್ ಇಳಿಯುತ್ತದೆಂಬುದು ಬರಿಯ ಭ್ರಮೆ. ಸಾಲಕ್ಕಾಗಿ ಹಲವು ಬ್ಯಾಂಕುಗಳಿಗೆ ಒಟ್ಟೊಟ್ಟಿಗೆ ಅರ್ಜಿ ಹಾಕಿದಾಗ ಆಗುವ ವಿಚಾರಣೆಗಳು ಮಾತ್ರ ಲೆಕ್ಕಕ್ಕೆ ಬರುತ್ತವೆ.

ಎರಡನೆಯದಾಗಿ, ಮನೆಯ ಪ್ರತಿಯೊಂದು ಫೋನಿನಲ್ಲೂ ಯುಪಿಐ ಆ್ಯಪ್ ತೆರೆದು ಆಟೋಪೇ ಎಂಬ ಪುಟವನ್ನು ಇಂದೇ ನೋಡಿ. ಯಾರು ಯಾರಿಗೆ ಅಪ್ಪಣೆ ಕೊಟ್ಟಿದ್ದೀರೆಂಬ ಪಟ್ಟಿ ಅಲ್ಲಿದೆ. ಬೇಡವಾದದ್ದನ್ನು ಅಲ್ಲೇ ರದ್ದುಮಾಡಬಹುದು. ಕಾರ್ಡಿನ ಮೇಲೆ ಕೊಟ್ಟ ಅಪ್ಪಣೆಗಳನ್ನು ಬ್ಯಾಂಕಿನ ಮೂಲಕ ರದ್ದುಮಾಡಿಸಬೇಕು. ಆ್ಯಪನ್ನು ಫೋನಿನಿಂದ ಅಳಿಸಿದೊಡನೆ ಚಂದಾವೂ ಹೋಯಿತೆಂದು ತಿಳಿಯುವವರು ಬಹಳ, ಅದು ಹೋಗುವುದಿಲ್ಲ. ಮನೆಗೆ ಬರುವವನ ಚಿತ್ರವನ್ನು ಗೋಡೆಯಿಂದ ತೆಗೆದರೆ ಅವನ ಕೈಯಲ್ಲಿರುವ ಬೀಗದ ಕೈ ನಮಗೆ ವಾಪಸಾಗುವುದುಂಟೆ?

ಮೂರನೆಯದಾಗಿ, ತಿಂಗಳಿಗೊಮ್ಮೆ ಖಾತೆಯ ಲೆಕ್ಕವನ್ನು ಮನೆಯವರೆಲ್ಲ ಕೂಡಿ ಓದುವ ಪದ್ಧತಿ ಇಟ್ಟುಕೊಳ್ಳಿ. ಹಾಲಿನ ಲೆಕ್ಕವನ್ನು ಕ್ಯಾಲೆಂಡರಿನ ಮೇಲೆ ಗೀಟು ಹಾಕಿ ಕಾಯ್ದುಕೊಂಡು ಬಂದ ನಮ್ಮ ಗೃಹಿಣಿಯರಿಗೆ ಇದೇನೂ ಕಷ್ಟದ ಕೆಲಸವಲ್ಲ. ದೊಡ್ಡ ಮೊತ್ತವನ್ನು ಎಲ್ಲರೂ ಗಮನಿಸುತ್ತಾರೆ. ಪ್ರತಿ ತಿಂಗಳೂ ಒಂದೇ ತಾರೀಖಿಗೆ ಹೋಗುವ ಸಣ್ಣ ಮೊತ್ತವನ್ನು ಹುಡುಕಿ.

ನಾಲ್ಕನೆಯದಾಗಿ, ಸಿಕ್ಕಿಬಿದ್ದರೆ ನಾಚಿಕೆಯಿಂದ ಸುಮ್ಮನಿರಬೇಡಿ. ಮೊದಲು ಅಪ್ಪಣೆಯನ್ನು ರದ್ದುಮಾಡಿ, ಪರದೆಯ ಚಿತ್ರಗಳನ್ನು ಕಾದಿಡಿ, ಹಣ ಹಿಂದಕ್ಕೆ ಕೊಡಿರೆಂದು ಕಂಪನಿಗೆ ಬರೆಯಿರಿ, ಬ್ಯಾಂಕಿಗೂ ತಿಳಿಸಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿ ಕನ್ನಡದಲ್ಲೂ ಮಾತನಾಡಬಹುದು. ನಿಮಗೆ ತಿಳಿಯದಂತೆ ಶುದ್ಧ ವಂಚನೆಯಿಂದ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆಮಾಡಿ.

299 ರೂಪಾಯಿ ದೊಡ್ಡ ಹಣವಲ್ಲವೆಂದು ಕೆಲವರು ಹೇಳಬಹುದು. ವರ್ಷಕ್ಕೆ ಅದು 3,588 ರೂಪಾಯಿ. ಮಗಳ ಕಾಲೇಜಿನ ಪುಸ್ತಕದ ಖರ್ಚು. ಒಬ್ಬರಿಂದ ಸ್ವಲ್ಪ, ಮರೆತವರೆಲ್ಲರಿಂದ ಸ್ವಲ್ಪ ಸ್ವಲ್ಪ ಎಂಬುದೇ ಆ ವ್ಯಾಪಾರದ ಹೊಂಚು. ಸ್ವಲ್ಪವೆಂದು ನಾವು ಸುಮ್ಮನಾಗುವುದೇ ಅದಕ್ಕೆ ಬಂಡವಾಳ. ನಂಬಿಕೆಗೆ ನಮ್ಮ ಜನ ಇಟ್ಟ ಹೆಸರು ಪತ್ತು. ನಮ್ಮ ಪತ್ತಿನ ಲೆಕ್ಕವನ್ನು ನಮಗೆ ತೋರಿಸುವವನು ಆ ನಂಬಿಕೆಯನ್ನೇ ಕದಿಯುವುದಾದರೆ, ಅವನ ದಟ್ಟಿಯನ್ನು ಹಿತ್ತಲಿಗೆ ಕೊಂಡೊಯ್ಯುವುದೂ ಬೇಡ. ಅವನ ಇದಿರಿಗೇ, ನಡುಬೀದಿಯಲ್ಲೇ ನಿಂತು ಮೊಳ ಹಾಕೋಣ.